ಮೂರು ಗಂಟಿನ ಲಡಿ

ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರನ್ನೂ ಎತ್ತಿ ಝಾಡಿಸಿದಳು ಆರಿಫಾ. ಎರಡು ಡಾಂಬರು ಗುಳಿಗೆ ಉರುಳಿ ಮಂಚದ ಕೆಳಗೆ ಹೋದವು. ಲಡಿ ಮಾತ್ರ ಸಿಗಲಿಲ್ಲ.

“ಅಮ್ಮಿ ತನ್ನ ಬಾಯಿಲೇ ಹೇಳಿದ್ಲು ಮಾವಶಿ, ಹೋದ ರಮಜಾನ್‌ದಾಗ. ‘ಟ್ರಂಕಿನ್ಯಾಗ ಬಿಳಿ ನೂಲಿನ ಲಡಿ ಐತಿ, ಮೂರು ಗಂಟು ಹಾಕೀನಿ. ನನ್ನ ಕಫನ್ ಅರಿವಿ ಅದರಿಂದನ ಕಟ್ರಿ, ಅಂಗಡಿ ಪಟ್ಟಿ ಬ್ಯಾಡ’ ಅಂತ. ತಲಿ ಕಡೆ ಒಂದು, ನಡಕ್ಕೊಂದು, ಕಾಲ ಕಡೆ ಒಂದು. ಅದಕ್ಕ ಮೂರು ಗಂಟು.”

ದುಃಖದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಪಕ್ಕದ ಖೋಲಿಯಿಂದ ಚಹಾ ಮಾಡಿ ತಂದಿದ್ದ ದಾನವ್ವ ಬಾಗಿಲಲ್ಲೇ ನಿಂತಳು. ಕಪ್ಪು ತುಳುಕಿ ಚಹಾ ಸೀರೆಯ ಮೇಲೆ ಚೆಲ್ಲಿತು.

ಆ ಲಡಿಯನ್ನು ನೀಲಿ ಹಂಡೆಯಲ್ಲಿ ಮೂರು ಸಲ ಅದ್ದಿ ತೆಗೆದವಳೇ ಅವಳು. ಎಂಟು ತಿಂಗಳಾಗಿತ್ತು. ಅದು ಯಾತಕ್ಕೆ ಇಟ್ಟಿದ್ದ ಲಡಿ ಎಂಬುದು ಈಗ, ಸುಗರಾಬಿಯ ಹೆಣ ಹೊರಗಿನ ಖೋಲಿಯಲ್ಲಿ ಬಿಳಿ ಚಾದರ ಹೊದ್ದು ಮಲಗಿರುವಾಗ ತಿಳಿಯುತ್ತಿದೆ. ಅಯ್ಯೋ ನನ್ನ ಕೈ ಸೇದಿ ಹೋಗಲಿ ಅಂದುಕೊಂಡಳು ದಾನವ್ವ.

“ಮಾವಶಿ, ನೀ ನೋಡಿಯೇನ?”

“ಇಲ್ಲ ತಂಗಿ. ನೀ ಹೊರಗ ಹೋಗು, ಮಂದಿ ಬರಾಕತ್ತಾರ. ನಾ ಹುಡುಕ್ತೀನಿ.”

ಮೂವತ್ತು ವರ್ಷ ಈ ಮನೆಯ ಉಪ್ಪು ಖಾರ ತಿಂದವಳು ಮೊದಲ ಸಲ ಇಲ್ಲಿ ಸುಳ್ಳು ಹೇಳಿದ್ದಳು. ಆರಿಫಾ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ದಾನವ್ವ ಮೂಲೆಯಲ್ಲಿ ಸುತ್ತಿಟ್ಟಿದ್ದ ಗಾದಿಯ ಪಕ್ಕದ ತಲೆದಿಂಬಿನ ಗವಸಿಗೆ ಕೈ ಹಾಕಿದಳು. ಇತ್ತು. ಕಡುನೀಲಿ ಲಡಿ, ಸುಗರಾಬಿಯ ತಲೆಯ ಎಣ್ಣೆ ವಾಸನೆ ಹಿಡಿದುಕೊಂಡು ಅಲ್ಲೇ ಇತ್ತು. ಅದನ್ನು ಸೊಂಟದ ನೆರಿಗೆಯೊಳಗೆ ಸಿಕ್ಕಿಸಿಕೊಂಡಳು.

*

ಸುಗರಾಬಿ ಹುನಗುಂದದ ಕಡೆಯ ಪಿಂಜಾರರ ಮಗಳು. ಅವಳ ಅಪ್ಪ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರಿಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ದಾನವ್ವ ಗುಳೇದಗುಡ್ಡದವಳು, ಅವಳ ಅಪ್ಪ ಖಣದ ನೂಲಿಗೆ ಬಣ್ಣ ಹಾಕುತ್ತಿದ್ದ. ಇಬ್ಬರೂ ಗಂಡಂದಿರ ಬೆನ್ನು ಹತ್ತಿ ಬೈಕುಲ್ಲಾಕ್ಕೆ ಬಂದು, ಒಂದೇ ಚಾಳಿನ ಎರಡನೇ ಮಾಳಿಗೆಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಕೂತರು. ಮೊದಲ ಮಾತು ನಳದ ಮುಂದೆ, ಜಗಳದಲ್ಲಿ. ಎರಡನೇ ಮಾತಿಗೆ ಊರು ಯಾವುದೆಂದು ಗೊತ್ತಾಯಿತು. ಕೊಡ ತುಂಬಿ ಹರಿದು ಹೋದರೂ ಇಬ್ಬರಿಗೂ ಎಚ್ಚರವಿರಲಿಲ್ಲ.

ಇಲ್ಲೂ ಅಪ್ಪನ ಕಸುಬೇ ಹಿಡಿದ ಸುಗರಾಬಿ, ಗಾದಿ ತುಂಬಿ ಉಳಿದ ಹತ್ತಿಯನ್ನು ಬಿಸಾಕುತ್ತಿರಲಿಲ್ಲ. ಮಧ್ಯಾಹ್ನ ಕೂತು ಚರಕದಲ್ಲಿ ನೂಲುವಳು. ಯಾತಕ್ಕೆ ಅಂದರೆ, “ಸುಮ್ನ ಕುಂತ್ರ ಕೈ ತುರಸ್ತಾವ” ಅನ್ನುವಳು. ಅದನ್ನು ನೋಡಿ ದಾನವ್ವನ ಕೈಯೂ ತುರಿಸಿತು. ಭಾಜಿ ಮಾರ್ಕೆಟ್ಟಿನಿಂದ ಉಳ್ಳಾಗಡ್ಡಿ ಸಿಪ್ಪೆ, ಜ್ಯೂಸಿನ ಅಂಗಡಿಯಿಂದ ದಾಳಿಂಬರಿ ಸಿಪ್ಪೆ ಪುಕ್ಕಟೆ ಹೊತ್ತು ತಂದು ಕುದಿಸಿದಳು. ನೀಲಿಗಾಗಿ ಗ್ಯಾಲರಿಯ ಮೂಲೆಯಲ್ಲಿ ಒಂದು ಹಂಡೆಯನ್ನೇ ಹೂಡಿದಳು. ಅದರ ನಾತಕ್ಕೆ ಮೂರನೇ ಮಾಳಿಗೆಯ ಶಿವಕುಮಾರಿ ವಾರಕ್ಕೊಮ್ಮೆ ಕೆಳಗಿಳಿದು ಬಂದು ಬೈದು ಹೋಗುತ್ತಿದ್ದಳು.

ಒಂದು ದಿನ ಬಾಂದ್ರಾದ ಬಾಯಿಯೊಬ್ಬಳು ಗಾದಿ ಹೊಲಿಸಲು ಬಂದವಳು, ಗ್ಯಾಲರಿಯ ಹಗ್ಗದ ಮೇಲಿನ ಲಡಿಗಳನ್ನು ಕಂಡು ಗಾದಿಯನ್ನೇ ಮರೆತಳು. ತಾನೂ ತನ್ನ ಗೆಳತಿಯರೂ ಕೈಯಿಂದ ಹೆಣಿಯುತ್ತೇವೆ, ಇಂಥ ನೂಲು ಎಲ್ಲೂ ಸಿಗುವುದಿಲ್ಲ ಅಂದಳು. ಅಲ್ಲಿಂದ ಶುರುವಾದದ್ದು ಹದಿನಾರು ವರ್ಷ ನಡೆಯಿತು. ನೂಲುವವಳು ಸುಗರಾಬಿ, ಬಣ್ಣ ಹಾಕುವವಳು ದಾನವ್ವ. ದಾನವ್ವನಿಗೆ ಓದಲು ಬಾರದು. ಸುಗರಾಬಿಗೆ ಬರುವುದು ಒಂದಿಷ್ಟು ಉರ್ದು. ಹಾಗಾಗಿ ಚೀಟಿ ಅಂಟಿಸುವ ಬದಲು ಲಡಿ ಕಟ್ಟುವ ದಾರದಲ್ಲಿ ಗಂಟು ಹಾಕುವ ಪದ್ಧತಿ ಮಾಡಿಕೊಂಡರು. ಒಂದು ಗಂಟಿದ್ದರೆ ನೀಲಿಯಲ್ಲಿ ಒಂದು ಸಲ ಅದ್ದು. ಎರಡಿದ್ದರೆ ಎರಡು ಸಲ. ಮೂರು ಗಂಟೆಂದರೆ ಕಡುನೀಲಿ. ಗಂಟೇ ಇಲ್ಲದಿದ್ದರೆ ಇದ್ದ ಹಾಗೇ ಬಿಡು, ಅದಕ್ಕೆ ಇನ್ನೇನೂ ಮಾಡುವುದು ಬೇಡ.

ಇಂಥ ಲೆಕ್ಕ ಹಾಕಿಕೊಂಡವಳೇ ತನ್ನ ಸಾವಿನ ನೂಲಿಗೂ ಮೂರು ಗಂಟು ಹಾಕಿಟ್ಟರೆ ಬಣ್ಣದವಳು ಏನಂದುಕೊಳ್ಳಬೇಕು?

*

ಸ್ನಾನ ಮಾಡಿಸಲು ಬಂದ ಜೀನತ್ ಆಪಾ ಬಚ್ಚಲು ಮೋರಿಯ ಮುಂದೆ ಪರದೆ ಕಟ್ಟಿಸುತ್ತಿದ್ದಳು. ವಿಜಾಪುರದವಳು, ಈ ಓಣಿಯಲ್ಲಿ ಎಷ್ಟು ಜನ ಹೆಂಗಸರಿಗೆ ಕೊನೆಯ ನೀರು ಹಾಕಿದ್ದಾಳೋ ಅವಳಿಗೇ ಗೊತ್ತಿಲ್ಲ.

“ಆಪಾ, ಕಫನ್ ಕಟ್ಟಾಕ ಎಷ್ಟೊತ್ತು ಐತಿ?” ದಾನವ್ವ ಕೇಳಿದಳು.

“ನೀರು ಕಾದಾವ. ಗುಸುಲ್ ಆಗಿ ಕಫನ್ ಹಾಕೂತನಾ ಒಂದು, ಒಂದೂವರಿ ತಾಸು. ಮಧ್ಯಾಹ್ನದ ಜೋಹರ್ ನಮಾಜಿಗೆ ಮಸೀದಿಗೆ ಮುಟ್ಟಸಬೇಕಲ್ಲ. ಯಾಕ?”

“ಕಟ್ಟಾಕ ಎಷ್ಟುದ್ದ ದಾರ ಬೇಕು?”

“ಒಂದೊಂದು ಮಾರು, ಮೂರು. ಅಂಗಡಿಯವ ಪಟ್ಟಿ ಹರದು ಕೊಟ್ಟಾನ, ಸಾಕಾಗ್ತಾವ.” ಆಪಾ ಅವಳ ಮುಖ ನೋಡಿದಳು. “ಅವೇನು ಕಾಯಂ ಇರೂದಲ್ಲವಾ. ಖಬರಿನ್ಯಾಗ ಇಳಿಸಿದ ಮ್ಯಾಲ ಮೂರೂ ಗಂಟು ಬಿಚ್ಚಿ ಬಿಡ್ತಾರ. ಮುಂದ ಹೋಗಾವರ್ನ ಕಟ್ಟಿ ಇಡಬಾರದು.”

ದಾನವ್ವ ತನ್ನ ಖೋಲಿಗೆ ಹೋಗಿ ಕೈಗೆ ನಿಂಬೆಹಣ್ಣು ತಿಕ್ಕಿ, ಬೂದಿ ಹಚ್ಚಿ, ಮತ್ತೆ ತಿಕ್ಕಿದಳು. ನಿನ್ನೆ ಸಂಜೆಯೂ ಪೇಟೆಯಿಂದ ತಂದ ನೂಲನ್ನು ಹಂಡೆಯಲ್ಲಿ ಅದ್ದಿದ್ದ ಕೈ. ಉಗುರ ಸಂದಿಯ ನೀಲಿ ಎಲ್ಲಿ ಹೋದೀತು? ಆಮೇಲೆ ಸುಗರಾಬಿಯ ಚರಕವನ್ನೂ, ಮಾಡದ ಮೇಲಿನ ಬಿಸ್ಕಿಟ್ ಡಬ್ಬಿಯನ್ನೂ ಎತ್ತಿಕೊಂಡು ಗ್ಯಾಲರಿಯ ತುದಿಗೆ ಬಂದು ಕೂತಳು. ಡಬ್ಬಿಯಲ್ಲಿ ಸುಗರಾಬಿ ಹಿಂಜಿ ಸುತ್ತಿಟ್ಟ ಹಂಜಿಗಳಿದ್ದವು. ಎಣಿಸಿದರೆ ಒಂಬತ್ತು.

ಒಂದೇ ತೊಂದರೆ. ಹದಿನಾರು ವರ್ಷದಲ್ಲಿ ದಾನವ್ವ ನೂಲುವುದನ್ನು ಕಲಿತಿರಲಿಲ್ಲ.

ಮೊದಲ ಎಳೆ ಗೇಣುದ್ದಕ್ಕೆ ಹರಿಯಿತು. ಎರಡನೆಯದು ಕದಿರಿಗೆ ಸುತ್ತಿಕೊಂಡು ಗಂಟಾಯಿತು. ಮೂರನೆಯದೂ ಹರಿಯಿತು. ಚರಕ ಮಾತ್ರ ಕುಂಯ್ ಕುಂಯ್ ಅನ್ನುತ್ತ ಇಡೀ ಮಾಳಿಗೆಗೆ ಸುದ್ದಿ ಕೊಡುತ್ತಿತ್ತು.

“ಅಯ್ಯ ಶಿವನ! ಹೆಣ ಮನ್ಯಾಗಿಟಗೊಂಡು ಯಾರರ ಚರಕಾ ತಿರುವ್ತಾರೇನ?” ಮೆಟ್ಟಿಲಿಳಿದು ಬಂದ ಶಿವಕುಮಾರಿ ಗಲ್ಲಕ್ಕೆ ಕೈ ಹಚ್ಚಿ ನಿಂತಳು. “ತಲಿಗಿಲಿ ಕೆಟ್ಟೈತೇನ ದಾನವ್ವ? ಇವತ್ತೂ ಆರ್ಡರ್ ಐತೇನು?”

“ಹೂಂ, ಐತಿ. ಸುಗರಾಬಿದು ಐತಿ.”

ಶಿವಕುಮಾರಿ ಗಲ್ಲದ ಮೇಲಿನ ಕೈ ತೆಗೆದಳು. ಜಗಳಗಂಟಿಯಾದರೂ ಕಣ್ಣಿದ್ದ ಹೆಂಗಸು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಹರಿದ ಎಳೆಯ ತುದಿ ಹುಡುಕಿ ಕೊಡತೊಡಗಿದಳು.

*

ಎಂಟು ತಿಂಗಳ ಹಿಂದೆ ಸುಗರಾಬಿ ಉಸಿರಿನ ಬೇನೆಯಿಂದ ಒಂದು ವಾರ ದವಾಖಾನೆಯಲ್ಲಿದ್ದಳು. ಅದೇ ಹೊತ್ತಿಗೆ ಬಾಂದ್ರಾದ ಬಾಯಿಗೆ ಕಡುನೀಲಿ ಹತ್ತು ಲಡಿ ಕೊಡಬೇಕಾಗಿತ್ತು. ಒಂಬತ್ತಿದ್ದವು. ದಾನವ್ವ ಟ್ರಂಕು ತೆಗೆದಳು. ಹಳೆಯ ದುಪ್ಪಟ್ಟಾದಲ್ಲಿ ಸುತ್ತಿಟ್ಟ ಬಿಳಿ ಲಡಿ, ಕೂದಲೆಳೆಯಂಥ ನೂಲು. ದಾರದ ಮೇಲೆ ಬೆರಳಾಡಿಸಿದಳು. ಮೂರು ಗಂಟು. ನೋಡು, ಹಾಸಿಗೆ ಹಿಡಿಯುವ ಮೊದಲೇ ನನಗಾಗಿ ತಯಾರು ಮಾಡಿಟ್ಟಿದ್ದಾಳೆ ಅಂತ ಸಂತೋಷಪಟ್ಟು ಮೂರು ಸಲ ಅದ್ದಿದಳು. ಹಂಡೆಯಿಂದ ಎತ್ತಿದಾಗ ಹಸಿರಾಗಿದ್ದ ನೂಲು, ಗಾಳಿ ತಾಗುತ್ತಲೇ ನೀಲಿಯಾಯಿತು.

ಮಗ ಮುರ್ತುಜಾನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದ ಸುಗರಾಬಿ, ಹಗ್ಗದ ಮೇಲಿನ ಲಡಿಯ ಮುಂದೆ ನಿಂತುಬಿಟ್ಟಳು.

“ಇದು ಎಲ್ಲಿತ್ತ ದಾನಿ?”

“ನಿನ್ನ ಟ್ರಂಕಿನ್ಯಾಗ. ಮೂರು ಗಂಟಿತ್ತು, ಮೂರು ಸಲ ಅದ್ದಿದೆ. ಯಾಕ, ತಪ್ಪಾತೇನು?”

ಸುಗರಾಬಿ ನಗತೊಡಗಿದಳು. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಕೊನೆಗೆ ಗೋಡೆ ಹಿಡಿದು ಕೂತಳು. “ಏನೂ ತಪ್ಪಿಲ್ಲ. ಗಂಟು ಹಾಕಿದಾಕಿ ನಾನ ಅಲ್ಲೇನು? ಬಣ್ಣ ಭಾಳ ಚಂದ ಕುಂತೈತಿ ನೋಡು. ಇದನ್ನ ಮಾರಬ್ಯಾಡ, ನಂಗಿರ್ಲಿ.”

ಬಾಂದ್ರಾಕ್ಕೆ ಒಂಬತ್ತೇ ಹೋದವು. ಹತ್ತಿಯ ಧೂಳು ಮೂಗಿಗೆ ಹೋಗಕೂಡದೆಂದು ಡಾಕ್ಟರು ಹೇಳಿದ್ದರಿಂದ ಸುಗರಾಬಿ ಮತ್ತೆ ಚರಕ ಮುಟ್ಟಲಿಲ್ಲ. ಲಡಿಯನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುವಳು. “ಮುದುಕಿಗೆ ಹುಚ್ಚು ಹಿಡದೈತಿ” ಅಂತ ದಾನವ್ವ ಕಾಡಿಸುವಳು. ಆಗಲೂ ಸುಗರಾಬಿ ನಗುತ್ತಿದ್ದಳೇ ಹೊರತು ಲಡಿಯ ಗುಟ್ಟು ಬಿಡಲಿಲ್ಲ.

*

“ಮಾವಶಿ, ಸಿಕ್ತೇನು?”

ಆರಿಫಾ ಬಂದು ನಿಂತಿದ್ದಳು. ಚರಕ, ಹರಿದ ಎಳೆ, ಎದುರಿಗೆ ಕೂತ ಶಿವಕುಮಾರಿ, ಯಾವುದೂ ಅವಳಿಗೆ ಅರ್ಥವಾಗಲಿಲ್ಲ. ದಾನವ್ವನಿಗೆ ಇನ್ನು ತಡೆಯಲಾಗಲಿಲ್ಲ. ಸೊಂಟದಿಂದ ನೀಲಿ ಲಡಿ ತೆಗೆದು ಮುಂದೆ ಹಿಡಿದಳು.

“ಇದ ನೋಡವ್ವಾ ನಿಮ್ಮಮ್ಮಿ ಲಡಿ. ಮೂರು ಗಂಟು ಕಂಡು ಬಣ್ಣಕ್ಕಿಟ್ಟಾಳಂತ ತಿಳಕೊಂಡೆ. ನಾನ ಅದ್ದಿದೆ. ಬೆಳಿಗ್ಗೆ ಹೇಳಾಕ ಧೈರ್ಯ ಬರಲಿಲ್ಲ.”

ಆರಿಫಾ ಲಡಿಯನ್ನು ಮುಟ್ಟಲಿಲ್ಲ. “ಜೀವಮಾನದಾಗ ಅಮ್ಮಿ ನಮ್ಮನ್ನ ಏನೂ ಬೇಡಿದಾಕಿ ಅಲ್ಲ. ಇದೊಂದ ಕೇಳಿದ್ಲು ಮಾವಶಿ, ಇದೊಂದ” ಅಂದು ಸರಕ್ಕನೆ ಒಳಗೆ ಹೋದಳು.

ಮೆಟ್ಟಿಲ ಬಳಿ ಫೋನಿನಲ್ಲಿದ್ದ ಮುರ್ತುಜಾ ಎಲ್ಲ ಕೇಳಿಸಿಕೊಂಡಿದ್ದ. ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಮಷಿನ್ ಹತ್ತಿರ ನಿಂತು ನಿಂತು ಕಡಿಮೆ ಮಾತಾಡುವುದು ರೂಢಿಯಾದವನು. ಬಂದು ಚರಕದ ಮುಂದೆ ಕೂತ.

“ಮಾವಶಿ, ಟೈಮ್ ಇಲ್ಲ. ಹೋ ಜಾಯೇಗಾ ಕ್ಯಾ?”

“ಆಗ್ತೈತಿ.”

ಆಗುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಹಂಜಿಯನ್ನು ಕೈಯಲ್ಲಿ ಹಿಡಿದು ಅತ್ತಳು. ಪರದೆಯ ಹಿಂದೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವಳು ನೂಲಲು ಕೂತು ಎಳೆ ಹರಿದಾಗೆಲ್ಲ ಸುಗರಾಬಿ ಬೈಯುತ್ತಿದ್ದದ್ದು ನೆನಪಾಯಿತು: “ನಿನ್ನ ಎಳಿ ಅಂದ್ರ ಶಾವಿಗಿ! ಜಗ್ಗಬ್ಯಾಡ ಗೊಡ್ಡಿ, ಬಿಡು. ಕೈ ಹಿಂದ ಬಿಟಗೊಂತ ಹೋಗು, ಅದು ತಾನ ಬರ್ತೈತಿ.”

ಜಗ್ಗುವುದನ್ನು ನಿಲ್ಲಿಸಿದಳು. ಕೈಯನ್ನು ಮೆಲ್ಲಗೆ ಹಿಂದೆ ಬಿಟ್ಟಳು. ಎಳೆ ಬಂತು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಶಾವಿಗೆಗಿಂತ ಕಡೆ, ಆದರೆ ಹರಿಯದೆ ಬಂತು. ಎಂಟು ಹಂಜಿ ಮುಗಿದವು. ಶಿವಕುಮಾರಿ ಒಂದು ತುದಿ ಹಿಡಿದಳು, ದಾನವ್ವ ಇನ್ನೊಂದು. ಆರಾರು ಎಳೆ ಕೂಡಿಸಿ ಹೊಸೆದು ಮೂರು ಹುರಿ ಮಾಡಿದರು.

ಜೀನತ್ ಆಪಾ ಪರದೆಯಿಂದ ಕೈ ಚಾಚಿ ಹುರಿಗಳನ್ನು ತೆಗೆದುಕೊಂಡಳು. ಒಂದರ ನಡುವೆ ಹೆಬ್ಬೆರಳಿನಷ್ಟು ಜಾಗ ತಿಳಿನೀಲಿಯಾಗಿತ್ತು. ಕಣ್ಣೀರು ಒರೆಸಿದ ಒದ್ದೆ ಕೈಯ ಬಣ್ಣ.

“ಆಪಾ, ಅದು...” ದಾನವ್ವ ಕಲೆಯ ಕಡೆ ಬೆರಳು ತೋರಿಸಿದಳು. “ಬಿಳಿದ ಇರಬೇಕಲ್ಲ?”

ಆಪಾ ಹುರಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ನಡಕ್ಕ ಆಗ್ತೈತಿ. ಈ ಜಾಗ ಒಳಗ ಮಾಡಿ ಕಟ್ತೀನಿ” ಅಂದು ಪರದೆ ಎಳೆದಳು.

*

ಜನಾಜಾ ಇಳಿಸುವಾಗ ಚಾಳಿನ ಮೆಟ್ಟಿಲಲ್ಲಿ ಅವರಿವರೆನ್ನದೆ ಎಲ್ಲ ಖೋಲಿಯ ಗಂಡಸರೂ ಹೆಗಲು ಕೊಟ್ಟರು. ದಾನವ್ವನ ಗಂಡ ಗುರುಪಾದನಿಗೆ ಮೊಣಕಾಲು ನೋವು. ಆದರೂ ಕೆಳಗಿನ ರಸ್ತೆಯವರೆಗೆ ಹೋಗಿ ನಾಲ್ಕು ಹೆಜ್ಜೆ ಹೊತ್ತು ಬಂದ. ಹೆಂಗಸರು ಗ್ಯಾಲರಿಯ ಕಟಾಂಜನಕ್ಕೆ ಆನಿಕೊಂಡು, ಬಿಳಿ ಟೋಪಿಗಳ ಗುಂಪು ಮೂಲೆಯಲ್ಲಿ ತಿರುಗುವವರೆಗೆ ನೋಡಿದರು.

ಆಮೇಲೆ ಮನೆ ಖಾಲಿ ಅನ್ನಿಸಿತು. ದಾನವ್ವ ಚರಕದ ಪಕ್ಕ ಕೂತಿದ್ದಳು. ನೀಲಿ ಲಡಿ ಮಡಿಲಲ್ಲಿತ್ತು. ಆರಿಫಾ ಅವಳಿಂದ ದೂರ ಹೊಸ್ತಿಲ ಮೇಲೆ ಕೂತು, ಕೈಯಲ್ಲಿ ಫೋನು ಹಿಡಿದುಕೊಂಡಿದ್ದಳು.

ಎರಡೂವರೆಗೆ ಫೋನು ಬಂತು. ಆರಿಫಾ ಕೇಳಿಸಿಕೊಂಡಳು. “ಹಾಂ ಭಾಯ್... ಹಾಂ.” ಇಟ್ಟಳು. ಯಾರ ಮುಖವನ್ನೂ ನೋಡದೆ ಹೇಳಿದಳು: “ಇಳಿಸಾಕತ್ತಾರಂತ. ಭಾಯ್ ಒಳಗ ಇಳಿತಾನಂತ, ಗಂಟು ಬಿಚ್ಚಾಕ.”

ದಾನವ್ವ ಮಡಿಲಿನ ಲಡಿಯನ್ನು ಎತ್ತಿದಳು. ಖಬರಸ್ಥಾನಕ್ಕೆ ಹೆಂಗಸರು ಹೋಗುವಂತಿಲ್ಲ. ಹೋಗುವಂತಿದ್ದರೂ ಅವಳು ಅಲ್ಲಿ ಯಾರು? ಲಡಿ ಕಟ್ಟಿದ ದಾರವನ್ನು ಬೆರಳಲ್ಲಿ ತಡವಿದಳು. ಮೂರೂ ಗಂಟು ಇದ್ದವು, ಸುಗರಾಬಿ ಹಾಕಿದ ಹಾಗೇ. ಮೊದಲನೆಯದನ್ನು ಉಗುರಿನಿಂದ ಸಡಿಲಿಸಿದಳು. ಬಿಚ್ಚಿತು.

“ತಲಿ ಕಡೆದು” ಅಂದಳು, ತನ್ನಷ್ಟಕ್ಕೆ.

ಎರಡನೆಯದಕ್ಕೆ ಹೊತ್ತು ಹಿಡಿಯಿತು. ಲಡಿ ಮಡಿಲಿನಿಂದ ಜಾರಿತು, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳತೊಡಗಿದವು. ಆಗ ಎದುರಿಗೆ ಎರಡು ಕೈ ಬಂದವು. ಆರಿಫಾ ಎದ್ದು ಬಂದು ಕೂತಿದ್ದಳು. ಚಿಕ್ಕಂದಿನಲ್ಲಿ ಅಮ್ಮಿ ನೂಲು ಸುತ್ತುವಾಗ ಹಿಡಿಯುತ್ತಿದ್ದಳಲ್ಲ, ಹಾಗೆಯೇ ಎರಡೂ ಕೈ ಚಾಚಿದ್ದಳು. ದಾನವ್ವ ಲಡಿಯನ್ನು ಆ ಕೈಗಳಿಗೆ ಹಾಕಿದಳು. ಎರಡನೇ ಗಂಟು ಬಿಚ್ಚಿತು.

“ನಡದ್ದು” ಅಂದಳು ಆರಿಫಾ.

ಮೂರನೆಯದು ಬಣ್ಣ ಕುಡಿದು ಬಿಗಿದುಕೊಂಡಿತ್ತು. ಉಗುರಿಗೆ ಬರಲಿಲ್ಲ. ದಾನವ್ವ ಬಾಗಿ ಹಲ್ಲಿನಲ್ಲಿ ಹಿಡಿದು, ಜಗ್ಗದೆ, ಅತ್ತಿತ್ತ ಆಡಿಸುತ್ತ ಕಾದಳು. ಅದು ಸಡಿಲಾಯಿತು.

ದಾರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಲ್ಲಿ ತಡವಿ ನೋಡಿದಳು. ಎಲ್ಲೂ ಗಂಟಿರಲಿಲ್ಲ. ಅದೇ ದಾರದಿಂದ ಲಡಿಗೆ ಸಡಿಲವಾಗಿ ಒಂದು ಸುತ್ತು ಹಾಕಿ, ಹಾಗೇ ಆರಿಫಾಳ ಕೈಯಲ್ಲಿ ಬಿಟ್ಟಳು.