ಆರತಿಗೆ ನಿಂತ ರಂಜನಾ

ಬೆಟಗೇರಿಯ ಆ ಕಾಲೇಜಿನ ಪ್ರಾಚಾರ್ಯರಿಗೆ ದೊಡ್ಡವರು ಬರುತ್ತಾರೆಂದರೆ ಮೈಮೇಲೆ ಖಬರೇ ಇರುವುದಿಲ್ಲ. 'ಹೆಣ್ಣುಮಕ್ಕಳೇ, ವಿಜ್ಞಾನಕ್ಕೆ ಬನ್ನಿ' ಎಂಬ ಕಾರ್ಯಕ್ರಮಕ್ಕೆ ಸಂಸ್ಥೆಯ ಅಧ್ಯಕ್ಷರು ಬರುವವರಿದ್ದರು. ಆರತಿಗೆ ಐದು ಹುಡುಗಿಯರು ಬೇಕಲ್ಲ? ನೇಕಾರರ ಮನೆಯವಳು, ಟ್ರಂಕಿನಲ್ಲಿ ಒಳ್ಳೆಯ ಸೀರೆ ಇದ್ದೇ ಇರುತ್ತದೆ ಎಂದು ರಂಜನಾಳ ಹೆಸರನ್ನೇ ಮೊದಲು ಬರೆದರು.

ಪಿಯುಸಿ ಎರಡನೇ ವರ್ಷದ ರಂಜನಾ ಅಂದಿನ ಪ್ರದರ್ಶನಕ್ಕೆ ಒಂದು ಮಾದರಿ ಇಟ್ಟಿದ್ದಳು. ನೂಲಿಗೆ ಬಣ್ಣ ಹಾಕಿ ಚೆಲ್ಲುವ ನೀರನ್ನು ಇದ್ದಿಲು, ಉಸುಕಿನಲ್ಲಿ ಸೋಸಿ ತಿಳಿ ಮಾಡುವ ಸಾಧನ. ನಾಲ್ಕು ತಿಂಗಳು ಕೈಯೆಲ್ಲ ನೀಲಿ ಮಾಡಿಕೊಂಡು ಹೊಂದಿಸಿದ್ದು. ಮೊದಲ ಸ್ಥಾನ ಬಂದವರಿಗೆ ಧಾರವಾಡದ ಪ್ರಯೋಗಾಲಯದಲ್ಲಿ ಒಂದು ತಿಂಗಳ ತರಬೇತಿ. ಅದು ಸಿಕ್ಕರೆ ಬಿ.ಎಸ್ಸಿ. ಓದು, ಇಲ್ಲದಿದ್ದರೆ ಮಗ್ಗಕ್ಕೆ ಕೂಡ್ರು ಎಂದು ಅಪ್ಪ ಬಾಬಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

"ಸರ್, ಪರೀಕ್ಷಕರು ಹತ್ತಕ್ಕ ಬರ್ತಾರ. ನಾ ಟೇಬಲ್ ಹತ್ರ ಇರಬೇಕ್ರಿ."

"ಹತ್ತು ನಿಮಿಷದ ಕೆಲಸ ಐತೆವ್ವಾ. ಆರತಿ ಬೆಳಗಿ ಓಡಿ ಬಾ," ಎಂದರು ಪ್ರಾಚಾರ್ಯರು.

ಹತ್ತು ನಿಮಿಷವಂತೆ! ಅಧ್ಯಕ್ಷರ ಕಾರು ಬಂದಾಗ ಹನ್ನೆರಡು ಹೊಡೆದಿತ್ತು. ಅಲ್ಲಿಯವರೆಗೆ ಐದೂ ಹುಡುಗಿಯರು ಗೇಟಿನ ಬಿಸಿಲಲ್ಲಿ, ದೀಪ ಆರಿದಾಗಲೆಲ್ಲ ಮತ್ತೆ ಹಚ್ಚುತ್ತ ನಿಂತರು. ಎರಡು ಸಲ ಒಳಗೆ ಓಡಲು ನೋಡಿದ ರಂಜನಾಳನ್ನು ಪ್ರಾಚಾರ್ಯರು ಕಣ್ಣು ಕೆಕ್ಕರಿಸಿಯೇ ನಿಲ್ಲಿಸಿದರು.

ಅಷ್ಟರಲ್ಲಿ ಪರೀಕ್ಷಕರು ಬಂದು ಹೋಗಿದ್ದರು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಗೈರುಹಾಜರಿ'. ಮೊದಲ ಸ್ಥಾನ ಅವಳ ತರಗತಿಯ ಸುನೀಲನ ರಟ್ಟಿನ ರಾಕೆಟ್ಟಿಗೆ. ಹೆಣ್ಣುಮಕ್ಕಳು ವಿಜ್ಞಾನದಿಂದ ಯಾಕೆ ದೂರ ಉಳಿದಿದ್ದಾರೋ ಎಂದು ಅಧ್ಯಕ್ಷರು ವೇದಿಕೆಯಲ್ಲಿ ಮುಕ್ಕಾಲು ಗಂಟೆ ಮರುಗಿದರು. ನಾಚಿಕೆ ಎನ್ನುವುದು ಆ ಪೆಂಡಾಲಿನ ಹತ್ತಿರವೂ ಸುಳಿದಿರಲಿಲ್ಲ.

ಭಾಷಣ ಮುಗಿದದ್ದೇ ರಂಜನಾ ಪ್ರಾಚಾರ್ಯರ ಕೋಣೆಗೆ ನುಗ್ಗಿದಳು. ಜಿಲ್ಲಾ ಕಚೇರಿಗೆ ಹೋಗಬೇಕಾದ ಪಟ್ಟಿ ಮೇಜಿನ ಮೇಲಿತ್ತು.

"ನಾ ಗೈರು ಇದ್ದಿಲ್ರಿ. ನೀವ ನಿಲ್ಲಿಸಿದ್ರಿ. ಅದನ್ನ ಬರೀರಿ."

"ಬಾಯಿ ಭಾಳ ಆತು ನಿಂದು. ಪ್ರಾಕ್ಟಿಕಲ್ ಮಾರ್ಕ್ಸ್ ನನ್ನ ಕೈಯಾಗ ಅದಾವ, ನೆನಪಿರ್ಲಿ."

"ನೀವ ಇಟ್ಕೊಳ್ರಿ ಆ ಮಾರ್ಕ್ಸ್."

ಅವರದೇ ಪೆನ್ನು ತೆಗೆದುಕೊಂಡು 'ಗೈರುಹಾಜರಿ'ಯನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ದುಂಡಗೆ ಬರೆದಳು: 'ಹತ್ತರಿಂದ ಹನ್ನೆರಡರವರೆಗೆ ಪ್ರಾಚಾರ್ಯರ ಅಪ್ಪಣೆಯಂತೆ ಗೇಟಿನಲ್ಲಿ ಆರತಿ ಹಿಡಿದು ನಿಂತಿದ್ದೆ.' ಕೆಳಗೆ ರುಜು ಹಾಕಿದಳು. ಪ್ರಾಚಾರ್ಯರು ಅವಳೆದುರಿಗೇ ಆ ಹಾಳೆಯನ್ನು ಪರಪರ ಹರಿದರು.

ಕಾರ್ಯಕ್ರಮ ನೋಡಲು ಬಂದಿದ್ದ ಬಾಬಣ್ಣ ಹೊರಗೆ ಹಿಗ್ಗಿ ಹೀರೇಕಾಯಿಯಾಗಿದ್ದ. "ಏನ್ ಚಂದ ಕಾಣ್ತಿದ್ದಿ ಮಗಳ. ಎಲ್ಲಾರೂ ಕೇಳಿದ್ರು, ಯಾರ ಮಗಳು ಅಂತ."

"ನನ್ನ ಟೇಬಲ್ ನೋಡಿದೇನಪ್ಪಾ?"

"ಅತ್ತಾಗ ಹೋಗಲೇ ಇಲ್ಲ. ಗೇಟಿನ್ಯಾಗ ನಿನ್ನ ನೋಡಕೋತ ನಿಂತಬಿಟ್ಟೆ."

ಹರಿದ ಹಾಳೆಗಿಂತ ಈ ಮಾತು ಅವಳಿಗೆ ಹೆಚ್ಚು ಉರಿಯಿತು.

"ಬಿ.ಎಸ್ಸಿ. ಫಾರ್ಮ್ ನಾನ ತುಂಬ್ತೀನಿ," ಎಂದಳು. "ಮಗ್ಗಕ್ಕ ಕುಂಡ್ರೂದಿಲ್ಲ. ನೀ ನನ್ನ ಕೂಡ ಮಾತು ಬಿಟ್ರೂ ಅಷ್ಟ."