ತಾಯಿ ಕಡೆಯ ಖಾಲಿ ಜಾಗ

ಸೊಸೆ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಅತ್ತೆ ನಲವತ್ತು ವರ್ಷದಿಂದ ಮಾಂಸದ ಮೇಕೆ ಸಾಕಿಕೊಂಡು ಬಂದವರು. ಇಬ್ಬರ ಮಾತೂ ಮೇಕೆಯಿಂದ ಶುರುವಾಗಿ ಮೇಕೆಯಲ್ಲೇ ಮುಗಿಯುತ್ತಿತ್ತು. ನಡುವೆ ಸಿಕ್ಕಿಕೊಂಡ ಮಗ ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಜಾರಿಕೊಳ್ಳುತ್ತಿದ್ದ.

ಒಂದು ದಿನ ಸೊಸೆ ಹೊರದೇಶದ ತಳಿಯ ಹೋತದ ಸುದ್ದಿ ತಂದಳು. ಬಿಳಿ ಮೈ, ಕೆಂಪು ತಲೆ, ಜೋಲು ಕಿವಿ. ಹೋತವೇ ಬರಬೇಕಿಲ್ಲ, ಅದರ ವೀರ್ಯ ತರಿಸಿ ಆಸ್ಪತ್ರೆಯಲ್ಲೇ ಮೇಕೆಗಳಿಗೆ ಹಾಕಬಹುದು.

"ನಮ್ಮ ಹೋತಕ್ಕೇನು ರೋಗ ಬಂದಿದೆ?" ಅತ್ತೆ ಮೂಗು ಮುರಿದರು.

"ರೋಗ ಏನಿಲ್ಲ ಅತ್ತೆ. ಆದ್ರೆ ಅದರ ಮರಿ ಎಲ್ಲಾ ಮಟನ್ ಅಂಗಡಿಗೇ ತಾನೆ ಹೋಗೋದು? ಈ ರಕ್ತ ಸೇರಿದ್ರೆ ತೂಕಾನೂ ಜಾಸ್ತಿ, ಸಾಕೋರೂ ಹುಡುಕ್ಕೊಂಡು ಬರ್ತಾರೆ."

"ದೊಡ್ಡ ತಲೆ ಮರಿ ಹೆರಿಗೇಲಿ ಸಿಕ್ಕಿಹಾಕ್ಕೊಂಡ್ರೆ ಎಳೆಯೋಳು ನಾನೇ ಅಲ್ವೇನೇ?"

ಹಾಗೆ ಗೊಣಗುತ್ತಲೇ ಅತ್ತೆ ದೊಡ್ಡಿಗೆ ಹೋಗಿ, ಒಂದೊಂದು ಮೇಕೆಯ ಸೊಂಟ ಮುಟ್ಟಿ ನೋಡಿ, ಅಗಲ ಇದ್ದ ಐದನ್ನು ಆರಿಸಿಕೊಟ್ಟರು.

ಐದು ತಿಂಗಳಿಗೆ ನಾಲ್ಕು ಸಲೀಸಾಗಿ ಈದವು. ಐದನೆಯದರ ಮರಿ ಸಿಕ್ಕಿಹಾಕಿಕೊಂಡಿತು. ಅತ್ತೆ ಮೊಣಕೈವರೆಗೆ ಸೋಪು ಹಚ್ಚಿ ಕೂತರು. ಆಸ್ಪತ್ರೆಯಲ್ಲಿ ಎಷ್ಟೋ ಹೆರಿಗೆ ನೋಡಿದ್ದ ಸೊಸೆ ಇಲ್ಲಿ ಗಳಗಳ ಅತ್ತಳು.

"ಅಳೋದು ಆಮೇಲೆ. ಮೊದಲು ಬಟ್ಟೆ ಕೊಡು."

ಹೊರಬಂದ ಹೆಣ್ಣುಮರಿಗೆ ಬಣ್ಣ ಬಳಿದಂಥ ಕೆಂಪು ತಲೆ, ಹಾಲಿನಂಥ ಮೈ. ಸೊಸೆ ಅದನ್ನು ರಾಣಿ ಎಂದು ಕರೆದಳು. ಸಲೀಸಾಗಿ ಈದ ಮುದಿ ಮೇಕೆ ಗುಂಡಕ್ಕನ ಹೆಣ್ಣುಮರಿಗೆ ಮೈತುಂಬ ಕಂದು ಕಲೆ, ಒಂದು ಕಿವಿ ಮೇಲೆ, ಒಂದು ಕೆಳಗೆ. ಅದಕ್ಕೆ ತೇಪೆ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ಆರು ತಿಂಗಳಾದ ಮೇಲೆ ತಳಿ ಸಾಕುವ ಒಬ್ಬ ವ್ಯಾಪಾರಿ ಪಿಕಪ್ ತಂದು ನಿಲ್ಲಿಸಿದ. ನೇರವಾಗಿ ರಾಣಿಯ ಹತ್ತಿರ ಹೋದ. ಸೊಸೆ ಕಾಗದ ತೋರಿಸಿದಳು: ತಂದೆ, ಅಜ್ಜ, ಹಡಗಿನಲ್ಲಿ ಬಂದಿದ್ದ ಮುತ್ತಜ್ಜ. ವ್ಯಾಪಾರಿ ಮಟನ್ ಅಂಗಡಿ ಬೆಲೆಯ ನಾಲ್ಕು ಪಟ್ಟು ಹೇಳಿದ. ಸೊಸೆಯ ಮುಖ ಅರಳಿತು.

ಅತ್ತೆ ರಾಣಿಯ ತುಟಿ ಎತ್ತಿದರು. "ಕೆಳದವಡೆ ಒಂದು ಬೆರಳಷ್ಟು ಹಿಂದಿದೆ, ಹುಲ್ಲು ಸರಿಯಾಗಿ ಕಚ್ಚೋಕಾಗಲ್ಲ. ನೋಡಿ."

"ಇರ್ಲಿ ಬಿಡಿ ಅಮ್ಮ. ಜನ ನೋಡೋದು ತಲೆ ಬಣ್ಣ, ಕಾಗದ. ಬಾಯಿ ಯಾರು ತೆಗೆದು ನೋಡ್ತಾರೆ?"

ಅತ್ತೆ ಸೊಸೆಯ ಕಡೆ ನೋಡಿದರು, ಅಷ್ಟೇ. ರಾಣಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಅವಳು. ಆ ದವಡೆ ಮರಿಯ ಮರಿಗೂ ಇಳಿಯಬಹುದೆಂದು ಗೊತ್ತಿದ್ದವಳೂ ಅವಳೇ. ಸೊಸೆ ರಾಣಿಯ ಕಾಗದ ಮಡಿಸಿ, ತೇಪೆಯ ಕಾಗದ ಮುಂದಿಟ್ಟಳು.

"ಇದನ್ನ ತಳಿಗೆ ಕೊಡಲ್ಲ ಅಣ್ಣ. ಬೇಕಾದ್ರೆ ತೇಪೆ ನೋಡಿ. ಇದಕ್ಕೂ ತಂದೆ ಅದೇ ಹೋತ."

ವ್ಯಾಪಾರಿ ನಕ್ಕುಬಿಟ್ಟ. "ಈ ಚಿಂದಿಬಟ್ಟೇನಾ? ಕಾಗದದಲ್ಲಿ ತಾಯಿ ಕಡೆ ಪೂರ್ತಿ ಖಾಲಿ ಇದೆಯಲ್ಲಮ್ಮ."

"ಖಾಲಿ ಯಾಕಿರುತ್ತೆ?" ಅತ್ತೆ ಸೆರಗು ಸಿಕ್ಕಿಸಿದರು. "ಬರ್ಕೊಳ್ಳೇ. ತಾಯಿ ಗುಂಡಕ್ಕ, ಹನ್ನೊಂದು ಸೂಲು ಈದವಳು, ಒಂದು ಮರೀನೂ ಸತ್ತಿಲ್ಲ. ಅವಳ ತಾಯಿ ಕೋಡುಮುರುಕಿ, ಮೂರು ಮರಿಗೂ ಸಾಲೋಷ್ಟು ಹಾಲು. ಅವಳ ತಾಯಿ ಸಣ್ಣಿ, ಕಾಯಿಲೆ ಬಂದು ಅರ್ಧ ದೊಡ್ಡಿ ಹೋದಾಗ ಉಳಿದವಳು…"

ಏಳು ತಲೆಮಾರು ಒಂದೇ ಉಸಿರಿಗೆ ಬಂತು. ಸೊಸೆ ಕಾಗದದ ಖಾಲಿ ಜಾಗ ತುಂಬಿಸಿ, ಹಿಂಬದಿಗೂ ಬರೆದಳು. ವ್ಯಾಪಾರಿಯ ನಗು ನಿಂತಿತ್ತು. ಅವನು ತೇಪೆಯ ಬಾಯಿ ತೆರೆದು ನೋಡಿದ, ಕಾಲು ಎತ್ತಿ ನೋಡಿದ, ತಕ್ಕಡಿಗೆ ಹತ್ತಿಸಿದ. ರಾಣಿಗಿಂತ ಎರಡು ಕಿಲೋ ಹೆಚ್ಚು. ಅಂಗಡಿ ಬೆಲೆಯ ಮೂರು ಪಟ್ಟಿಗೆ ಮಾತು ಮುಗಿಯಿತು. ಹೋಗುವಾಗ, "ಇದರ ಅಕ್ಕತಂಗೀರು ಇದ್ರೆ ನಂಗೇ ಹೇಳಿ" ಅಂದ.

ಪಿಕಪ್ ತಿರುವು ದಾಟಿದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು, "ರಾಣೀನ ಅಂಗಡಿಗೆ ಕೊಡ್ಲೇಬೇಕಾ ಅತ್ತೆ?"

ನಲವತ್ತು ವರ್ಷದಲ್ಲಿ ಒಂದು ಮೇಕೆಯನ್ನೂ ಸುಮ್ಮನೆ ಕೂರಿಸಿ ಮೇಯಿಸಿದವರಲ್ಲ ಅತ್ತೆ. ರಾಣಿಯ ತುಟಿ ಇನ್ನೊಮ್ಮೆ ಎತ್ತಿ ನೋಡಿದರು.

"ನನ್ನ ಕೈಯಾರೆ ಎಳೆದು ತೆಗೆದಿದೀನಿ. ಇರ್ಲಿ. ಹುಲ್ಲು ಸಣ್ಣಗೆ ಹೆಚ್ಚಿ ಹಾಕೋ ಕೆಲಸ ಮಾತ್ರ ನಿಂದು."

ಮುಂದಿನ ಬೆದೆಗೆ ಅತ್ತೆಯೇ ಆಸ್ಪತ್ರೆಯ ಕೌಂಟರಿಗೆ ಬಂದು, ಸಾಲಿನಲ್ಲಿದ್ದ ನಾಲ್ವರ ಎದುರಿಗೇ ಜೋರಾಗಿ ಹೇಳಿದರು: "ಹನ್ನೆರಡು ಮೇಕೆಗೆ ಬರ್ಕೋ ಮಗಳೇ. ಈ ಸಲ ಹೋತಾನ ನಾನು ಆರಿಸ್ತೀನಿ."