ಹಿರೇ ಅಳಿಯನ ಗಾಡಿ

ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಇಂಜಿನ್ನಿನ ಭಾರ, ಅದರ ಕೆಳಗೆ ಕಾಶಿನಾಥ. ತುಕ್ಕಾನಟ್ಟಿಯ ತನ್ನ ಹಿಟ್ಟಿನ ಗಿರಣಿಯ ಮುಂದೆ, ಬೇವಿನ ನೆರಳಲ್ಲಿ ಅಂಗಾತ ಮಲಗಿ ಅವನು ಮೂರನೆಯ ಬೋಲ್ಟಿನ ಜೊತೆ ಜಗಳಕ್ಕೆ ಬಿದ್ದಿದ್ದ. ಅಷ್ಟರಲ್ಲಿ ಗಾಡಿಯ ಬಂಪರಿನ ಆಚೆ ಹೆಂಡತಿ ದಾಕ್ಷಾಯಿಣಿಯ ಕಾಲು ಕಂಡವು.

"ಅಪ್ಪನ ಕಣ್ಣಿನ ಆಪರೇಶನ್ ಶುಕ್ರವಾರಕ್ಕ ನಕ್ಕಿ ಆತ್ರಿ, ಗೋಕಾಕದಾಗ. ಶನಿವಾರ ಮನಿಗೆ ಕಳಸ್ತಾರಂತ. ಮಲ್ಲೇಶ ಬಂದು ಬಾಗೇವಾಡಿಗೆ ಕರಕೊಂಡು ಹೊಕ್ಕಾನಂತ."

ಕಾಶಿನಾಥನ ಕೈಯಿಂದ ಬೋಲ್ಟು ತಿರುಗಿಸುವ ಪಾನಾ ಜಾರಿ ಎದೆಯ ಮೇಲೆ ಬಿತ್ತು.

"ಯಾಕ? ನನ್ನ ಗಾಡಿ ಸತ್ತೈತೇನು?"

"ಹಾದ್ಯಾಗ ಕುಲುಕಾಟ ಆಗಬಾರ್ದು ಅಂದಾರಂತ ಡಾಕ್ಟರು. ಮಲ್ಲೇಶಂದು ಹೊಸಾ ಗಾಡಿ. ನಮ್ಮದು ನೋಡಿದ್ರ..." ಅಂದವಳು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದನ್ನು ಹೇಳುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ.

ಮಲ್ಲೇಶ ಅಂದರೆ ಕಾಶಿನಾಥನ ಷಡ್ಡಕ, ದಾಕ್ಷಾಯಿಣಿಯ ತಂಗಿ ಅರ್ಚನಾಳ ಗಂಡ. ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವ. ಅವನು ಈ ಮನೆತನಕ್ಕೆ ಬರುವ ಮೊದಲಿನಿಂದಲೂ, ಹನ್ನೊಂದು ವರ್ಷ, ಮಾವ ಶಿದ್ಲಿಂಗಪ್ಪ ಎಲ್ಲಿಗೆ ಹೊರಟರೂ ಕಾಶಿನಾಥನ ಗಾಡಿಯೇ. ಮದುವೆಗೆ, ಮಾತುಕತೆಗೆ, ದವಾಖಾನೆಗೆ. ತನ್ನೂರು ಬೆಲ್ಲದ ಬಾಗೇವಾಡಿಯ ಕಟ್ಟೆಯ ಮೇಲೆ ಕೂತು ಮುದುಕ ನಾಲ್ಕು ಮಂದಿಗೆ ಕೇಳುವಂತೆ, "ನನ್ನ ಹಿರೇ ಅಳಿಯನ ಗಾಡಿ ಬರ್ತೈತಿ" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ಕಾಶಿನಾಥ ಎಷ್ಟೋ ಸಲ ಗಿರಣಿಗೆ ಬೀಗ ಹಾಕಿ ಓಡಿದ್ದುಂಟು. ಈ ಯುಗಾದಿಗೆ ಮಲ್ಲೇಶ ಬಿಳಿ ಗಾಡಿಗೆ ಮಾಲೆ ಹಾಕಿಕೊಂಡು ಬಂದು ಮಾವನ ಬಾಗಿಲಿಗೆ ನಿಲ್ಲಿಸಿದ. ಅವತ್ತು ಕಾಶಿನಾಥ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಗಾಡಿಯದೇ ತಪ್ಪು ಅನ್ನಿ. ಇಂಜಿನ್ನನ್ನು ಹಿಡಿದು ಕೂರಿಸುವ ಮೂರೂ ರಬ್ಬರಿನ ಮೌಂಟುಗಳು ಹರಿದುಹೋಗಿದ್ದವು. ಗಾಡಿ ಚಾಲೂ ಮಾಡಿದರೆ ಸಾಕು, ಬಾಗಿಲು, ಸೀಟು, ಕೂತವರ ಗಲ್ಲ ಎಲ್ಲ ನಡುಗುತ್ತಿದ್ದವು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತ ದಾಕ್ಷಾಯಿಣಿಗೆ ನಾಲ್ಕು ಕಣ್ಣು. ಹೊಸ ಮೌಂಟು ಹಾಕಲು ಗೋಕಾಕದ ಗ್ಯಾರೇಜಿನವ ಹೇಳಿದ ದರ ಕೇಳಿ ಕಾಶಿನಾಥ ಕೈಮುಗಿದು ಬಂದಿದ್ದ.

"ಶನಿವಾರ ಮಾವಾರು ನನ್ನ ಗಾಡ್ಯಾಗ ಹೋಗಬೇಕು," ಎಂದು ಅವನು ಗಾಡಿಯ ಹೊಟ್ಟೆಗೇ ಹೇಳಿದ.

ಗಿರಣಿಯವನ ಬುದ್ಧಿ ಗಿರಣಿಯ ಕಡೆಗೇ ಓಡಿತು. ಗಿರಣಿಯ ಮೋಟರ್ ಗಡಗಡ ಅಂದರೆ ಬೋಲ್ಟ್ ಬಿಗಿದು ನೆಲಕ್ಕೆ ಜಡಿಯುತ್ತಾರೆ, ಸುಮ್ಮನಾಗುತ್ತದೆ. ಅವನು ಗಿರಣಿಯ ಹಳೆಯ ಬೆಲ್ಟಿನ ಪಟ್ಟಾ ಕತ್ತರಿಸಿ, ನಾಲ್ಕು ಪದರ ಮಡಚಿ, ಮೌಂಟುಗಳ ಸಂದಿಗೆ ತುರುಕಿ, ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಉಸಿರುಗಟ್ಟಿ ಬಿಗಿದ. ಚಾಲೂ ಮಾಡಿದ. ಶಿವಶಿವಾ! ಬಾನೆಟ್ಟಿನ ಮೇಲಿಟ್ಟ ನೀರಿನ ಗ್ಲಾಸು ಕುಣಿಕುಣಿದು ನೆಲಕ್ಕೆ ಹಾರಿತು. ಮೊದಲಿನದೇ ಎಷ್ಟೋ ವಾಸಿ ಇತ್ತು.

ಜೋಳ ಬೀಸಿಸಲು ಬಂದಿದ್ದ ಕೌಜಲಗಿಯ ಲಗಮಪ್ಪ, ಒಂದು ಕಾಲದ ಫಿಟ್ಟರ್, ಚೀಲದ ಮೇಲೆ ಕೂತು ನಗಾಡಿದ.

"ಗಿರಣಿ ಮೋಟರ್ ಜಡದಂಗ ಜಡದೀಯಲ್ಲೋ ತಮ್ಮಾ! ನೆಲಕ್ಕ ಬ್ಯಾನಿ ಇಲ್ಲ, ಗಾಡ್ಯಾಗ ಕುಂತಾವಂಗ ಐತಿ. ಇಂಜಿನ್ ತನ್ನಷ್ಟಕ್ಕ ತಾ ಅಲಗ್ಯಾಡ್ಲಿ ಬಿಡು. ಬಿಗಿ ಹಿಡದಷ್ಟೂ ಅದು ಎಲ್ಲಾರ ಮೈ ನಡಗಸ್ತೈತಿ."

ಅವನೇ ದಾರಿಯನ್ನೂ ಹೇಳಿಕೊಟ್ಟ. ಕಾಶಿನಾಥ ಮೌಂಟುಗಳನ್ನು ಬಿಚ್ಚಿ, ಸತ್ತ ರಬ್ಬರನ್ನು ಕೆರೆದು, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದ. ಗಾಡಿಯ ಗಾಜು ಅಂಟಿಸುವ ಕರಿ ಪೇಸ್ಟನ್ನು ಸಂದಿಗಳಿಗೆ ಒತ್ತಿ ತುಂಬಿ, ಗಿರಣಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟ. ನಾಲ್ಕು ದಿನ ಸಂಡಿಗೆ ಕಾದಂತೆ ಕಾದ. ಹಿಟ್ಟಿನ ಕೈಯಲ್ಲೇ ಎದ್ದೆದ್ದು ಹೋಗಿ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಶುಕ್ರವಾರ, ದಾಕ್ಷಾಯಿಣಿ ಅಪ್ಪನ ಜೊತೆ ದವಾಖಾನೆಯಲ್ಲಿದ್ದಾಗ, ಮೂರನ್ನೂ ಕೂರಿಸಿ, ಜಾಕು ಇಳಿಸಿ, ಇಂಜಿನ್ ತಾನಾಗಿ ಕೂತ ಮೇಲೆ ಹದವಾಗಿ ಬಿಗಿದ. ತುಂಬಿದ ಗ್ಲಾಸನ್ನು ಬಾನೆಟ್ಟಿನ ಮೇಲಿಟ್ಟು ಚಾಲೂ ಮಾಡಿದ. ಒಂದು ಹನಿ ಚೆಲ್ಲಲಿಲ್ಲ. ಕಾಶಿನಾಥನ ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ, ಖರೇನೇ ಬಂತು.

ಅದೇ ಹೊತ್ತಿಗೆ ಮಲ್ಲೇಶನ ಫೋನು.

"ಅಣ್ಣಾರ, ಅಕ್ಕಾರ ಫೋನ್ ಹತ್ತವಲ್ದು. ಮಾವಾರನ್ನ ನಾಳೆ ಎಷ್ಟಕ್ಕ ಬಿಡ್ತಾರಂತ್ರಿ?"

"ನಾಳೆ ಬಿಡೂದಿಲ್ಲಂತಪ್ಪ," ಅಂದ ಕಾಶಿನಾಥ. ಸುಳ್ಳು ಅವನಿಗಿಂತ ಮೊದಲೇ ಬಾಯಿಗೆ ಬಂದಿತ್ತು. "ರವಿವಾರ ಕಳಸ್ತಾರಂತ. ನೀ ಆರಾಮ ಬಾ."

ಶನಿವಾರ ಮಧ್ಯಾಹ್ನ ದವಾಖಾನೆಯ ಮುಂದೆ ಗಾಡಿ ನಿಲ್ಲಿಸಿ, ಹೆಂಡತಿಗೆ "ಮಲ್ಲೇಶಗ ಏನೋ ಕೆಲಸ ಬಂತಂತ" ಎಂದು ಇನ್ನೊಂದು ಸುಳ್ಳು ಸೇರಿಸಿ, ಔಷಧಿ ತರಲು ಹೋದ. ತಿರುಗಿ ಬರುವಷ್ಟರಲ್ಲಿ ದಾಕ್ಷಾಯಿಣಿ ಅಪ್ಪನ ಕೈಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದ್ದಳು. ಶಿದ್ಲಿಂಗಪ್ಪನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮೊದಲಿನಿಂದಲೂ ಮಂಜು, ಮೇಲೊಂದು ಕಪ್ಪು ಚಾಳೀಸು. ಮುದುಕ ಸೀಟಿಗೆ ತಲೆ ಆನಿಸಿ ತೂಕಡಿಸುತ್ತಿದ್ದ. ಕಾಶಿನಾಥ ಮಾತಿಲ್ಲದೆ ಗಾಡಿ ಬಿಟ್ಟ. ಅವನ ಜೀವವೆಲ್ಲ ಇಂಜಿನ್ನಿನ ಸದ್ದಿನಲ್ಲಿತ್ತು.

ಘಟಪ್ರಭಾ ದಾಟಿದ ಮೇಲೆ ಶಿದ್ಲಿಂಗಪ್ಪ ಎಚ್ಚರಾಗಿ ಸೀಟನ್ನು ಕೈಯಿಂದ ಸವರಿದ.

"ಆಹಾಹಾ! ಗಾಡಿ ಅಂದ್ರ ಇದು. ಒಂದ್ಚೂರರ ಅಲಗ್ಯಾಡವಲ್ದಲ್ಲ! ಮನ್ಯಾಗ ಗಾದಿ ಮ್ಯಾಲ ಕುಂತಂಗಾಗೇತಿ."

ಕಾಶಿನಾಥನ ಕಿವಿ ಬಿಸಿಯಾದವು. ಐದು ದಿನದ ಸೊಂಟನೋವು ಒಂದೇ ಮಾತಿಗೆ ಇಳಿದುಹೋಯಿತು. "ಮಾವಾರ..." ಅನ್ನಲು ಬಾಯಿ ತೆರೆದ.

"ಮಲ್ಲೇಶಪ್ಪಾ, ನಿಮ್ಮ ಗಾಡಿ ಖರೇನ ಚಲೋ ಐತಿ ನೋಡ್ರಿ."

ಹೊಟ್ಟೆಯೊಳಗೆ ಯಾರೋ ಕೊಳ್ಳಿ ಇಟ್ಟರು. ನನ್ನ ಕೈಯ ಕೆಲಸ, ನನ್ನ ಬೆವರು, ಹೆಸರು ಅವನದೇ?

ಮುದುಕನಿಗೆ ಮಾತಿನ ಹುರುಪು ಬಂದಿತ್ತು. "ಕಾಶಿನಾಥನ ಗಾಡ್ಯಾಗ ಕುಂತ್ರ ಹಲ್ಲೆಲ್ಲಾ ಕಟಕಟ ಅಂತಿದ್ದೂವು. ವರ್ಷಗಟ್ಟಲೆ ಬಾಯಾಗ ಎಲಿ ಅಡಿಕಿ ಒತ್ತಿ ಹಿಡಕೊಂಡು ಕುಂತೇನಿ, ಒಂದಿನಾನೂ ಅಂದಿಲ್ಲ. ನೀವೂ ಅವಂಗ ಹೇಳಬ್ಯಾಡ್ರಿ ಮತ್ತ, ಮನಸ್ಸಿಗೆ ಹಚಗೋತಾನ. ಸೋಮವಾರ ಕಣ್ಣು ತೋರಸಾಕ ಬರೂದೈತಲ್ಲ, ಅದಕ್ಕ ಅವನ ಗಾಡೀನ ಕರಿತೇನಿ. ಕಟಕಟ ಅಂದ್ರ ಅನ್ನವಲ್ದ್ಯಾಕ. ಹಿರೇ ಅಳಿಯ ಅಂವ."

"ಅಪ್ಪಾ, ಇದು..." ದಾಕ್ಷಾಯಿಣಿ ಬಾಯಿ ತೆರೆದಳು.

ಕಾಶಿನಾಥ ಕನ್ನಡಿಯಲ್ಲಿ ನೋಡಿದ. ಹೆಂಡತಿಯ ಮುಖ ಕದಲದೆ ನಿಂತಿತ್ತು, ಎರಡೇ ಕಣ್ಣು, ಮೂಗುತಿಯ ಹರಳು ಕೂಡ ಬೇರೆಯಾಗಿ ಕಾಣುತ್ತಿತ್ತು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಅಪ್ಪನ ಶಾಲು ಸರಿ ಮಾಡಿದಳು.

"ಯಾಕ, ಮಾತಾಡವಲ್ರಿ ಮಲ್ಲೇಶಪ್ಪಾ?"

"ಹೂನ್ರಿ," ಎಂದ ಕಾಶಿನಾಥ, ಮೆಲ್ಲಗೆ, ದನಿ ಬದಲಿಸಿ.

ಮುದುಕ ಮತ್ತೆ ನಿದ್ದೆಗೆ ಜಾರಿದ. ಕಬ್ಬಿನ ಟ್ರ್ಯಾಕ್ಟರೊಂದು ದಾಟಿ ಹೋಯಿತು. ಸ್ಟೇರಿಂಗಿನ ಮುಂದೆ ಇಟ್ಟಿದ್ದ ಮೊಬೈಲು ಗುರ್‍ರ್ ಎನ್ನತೊಡಗಿತು. ಅದರ ಮೇಲೆ ಮಲ್ಲೇಶನ ಹೆಸರು. ಇಡೀ ಗಾಡಿಯಲ್ಲಿ ನಡುಗುತ್ತಿದ್ದದ್ದು ಅದೊಂದೇ.